ನನಗೆ 4 ವರ್ಷವಾಗಿದ್ದಾಗ ದೊಡ್ಡವಳು ಯಾರಾಗಿದ್ದರು?

ಪ್ರಶ್ನೆ: ಇಬ್ಬರು ಹೆಣ್ಣುಮಕ್ಕಳ ತಾಯಿ

ನನ್ನ ಹಿರಿಯ ಮಗಳಿಗೆ 7 ವರ್ಷ, ಕಿರಿಯವಳಿಗೆ 4 ವರ್ಷ. ಅವರ ತಂದೆ ಬೆಳಕು ಹರಿಯುವ ಮೊದಲೇ ಕೆಲಸಕ್ಕೆ ಹೊರಡುವುದರಿಂದ, ಇಬ್ಬರನ್ನೂ ಎಬ್ಬಿಸಿ ಶಾಲೆಗೆ ಕಳುಹಿಸುವ ಬೆಳಗಿನ ಒಂದೂವರೆ ಗಂಟೆ ಪೂರ್ತಿಯಾಗಿ ನನ್ನದೇ.

ಕಳೆದ ವಾರದ ಒಂದು ಬೆಳಿಗ್ಗೆ ಹಿರಿಯವಳಿಗೆ ಜಡೆ ಹೆಣೆಯುತ್ತ ಕುಳಿತಿದ್ದೆ. ಒಂದು ಜಡೆ ಮುಗಿದು ಇನ್ನೊಂದಕ್ಕೆ ಕೂದಲನ್ನು ಮೂರು ಎಳೆಯಾಗಿ ಬಿಡಿಸಿಕೊಳ್ಳುವಷ್ಟರಲ್ಲಿ ಬಚ್ಚಲಿನಿಂದ ಚಿಕ್ಕವಳ ಕೂಗು ಕೇಳಿಸಿತು. ನಾನು ಯೋಚನೆಯನ್ನೂ ಮಾಡದೆ, "ಸ್ವಲ್ಪ ಹೋಗಿ ನೋಡಿಕೋ, ನೀನು ದೊಡ್ಡವಳಲ್ಲವೇ" ಎಂದೆ. ಅವಳು ಒಂದು ಕಡೆ ಜಡೆ, ಇನ್ನೊಂದು ಕಡೆ ಬಿಚ್ಚುಗೂದಲು ಇಟ್ಟುಕೊಂಡೇ ಎದ್ದುಹೋಗಿ, ತಂಗಿಯ ಕೈಕಾಲು ಒರೆಸಿ, ಬಟ್ಟೆ ಸರಿಪಡಿಸಿ, ಮರಳಿ ಬಂದು ನನಗೆ ಬೆನ್ನು ಕೊಟ್ಟು ಕುಳಿತಳು. ಸ್ವಲ್ಪ ಹೊತ್ತಿನ ನಂತರ, ಕೋಪವೇನೂ ಇಲ್ಲದ ಧ್ವನಿಯಲ್ಲಿ, ನಿಜವಾಗಿಯೂ ತಿಳಿದುಕೊಳ್ಳಬೇಕೆಂಬಂತೆ ಕೇಳಿದಳು: "ಅಮ್ಮಾ, ನನಗೆ 4 ವರ್ಷವಾಗಿದ್ದಾಗ ದೊಡ್ಡವಳು ಯಾರಾಗಿದ್ದರು?"

ನಾನು ಲೆಕ್ಕ ಹಾಕಿದೆ. ಅವಳಿಗೆ 4 ವರ್ಷವಾಗಿದ್ದಾಗ ತಂಗಿಗೆ ಒಂದು ವರ್ಷ. ಅಂದರೆ ಆಗಲೂ ಈ ಮನೆಯಲ್ಲಿ ದೊಡ್ಡವಳು ಅವಳೇ. ಈಗ ಚಿಕ್ಕವಳನ್ನು ನಾನು ಇನ್ನೂ ಮಗುವೆಂದು ಎತ್ತಿಕೊಂಡು ತಿರುಗುವ ವಯಸ್ಸಿನಲ್ಲಿ, ಹಿರಿಯವಳಿಗೆ ಆಗಲೇ "ನೀನು ದೊಡ್ಡವಳು" ಎಂದು ಹೇಳಲು ಶುರುಮಾಡಿದ್ದೆ. ಮರುದಿನ ಬೆಳಿಗ್ಗೆ ಆ ಮಾತನ್ನು ಎಷ್ಟು ಸಲ ಆಡುತ್ತೇನೆಂದು ಎಣಿಸಿದೆ. ಎಣಿಸುತ್ತಿದ್ದೇನೆಂಬ ಎಚ್ಚರ ಇದ್ದೂ 11 ಸಲ ಆಡಿದೆ.

ನಾನು ಭೇದ ಮಾಡುವ ತಾಯಿಯಲ್ಲ ಎಂದೇ ಇದುವರೆಗೆ ನಂಬಿದ್ದೆ. ಇಬ್ಬರಿಗೂ ಒಂದೇ ಬಣ್ಣದ ಚೀಲ, ಒಂದೇ ಅಳತೆಯ ಪಾಲು, ಮಲಗಲು ಒಂದೇ ಸಮಯ. ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ ಎಂದು ಯಾರೂ ಹೇಳಬಾರದೆಂದು ಅಷ್ಟೊಂದು ಎಚ್ಚರಿಕೆ ವಹಿಸಿದರೂ "ಅವಳಿಗೇ ಜಾಸ್ತಿ" ಎಂಬ ಕೂಗು ದಿನಕ್ಕೆ ನಾಲ್ಕೈದು ಸಲವಾದರೂ ಏಳುತ್ತದೆ. ಹಿರಿಯವಳ ಸಹಾಯವಿಲ್ಲದೆ ನನ್ನ ಬೆಳಗು ಸಾಗುವುದಿಲ್ಲ ಎಂಬುದೂ ನಿಜ. ಹೀಗಿರುವಾಗ ಅವಳ ಮೇಲಿನ ಭಾರವನ್ನು ಇಳಿಸುವುದು ಹೇಗೆ, ಮತ್ತು ಎಷ್ಟು ಇಳಿಸಬೇಕು? ಅನುಭವವಿದ್ದವರು ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ 1: ಬೆಳೆದ ಹೆಣ್ಣುಮಕ್ಕಳ ತಾಯಿ

ನನ್ನ ಮಕ್ಕಳಿಗೆ ಈಗ 19 ಮತ್ತು 16. ನೀವು ಬರೆದದ್ದನ್ನು ಓದುವಾಗ ಹನ್ನೆರಡು ವರ್ಷ ಹಿಂದಿನ ನನ್ನದೇ ಮನೆಯನ್ನು ಕಿಟಕಿಯಿಂದ ಇಣುಕಿ ನೋಡಿದಂತಾಯಿತು.

ಮೊದಲು "ಅವಳಿಗೇ ಜಾಸ್ತಿ" ಎಂಬುದರ ಬಗ್ಗೆ. ಸ್ವಿಟ್ಜರ್ಲೆಂಡ್‌ನ ಮನೋವಿಜ್ಞಾನಿ ಜೀನ್ ಪಿಯಾಜೆ ಮಕ್ಕಳ ಮುಂದೆ ಒಂದೇ ಬಗೆಯ ಎರಡು ಲೋಟಗಳಲ್ಲಿ ಸಮನಾಗಿ ನೀರಿಟ್ಟು, ಎರಡೂ ಸಮ ಎಂದು ಅವರಿಂದ ಒಪ್ಪಿಸಿದ ಮೇಲೆ, ಅವರ ಕಣ್ಣೆದುರೇ ಒಂದು ಲೋಟದ ನೀರನ್ನು ಎತ್ತರವಾದ ಸಪೂರ ಲೋಟಕ್ಕೆ ಸುರಿದು, ಈಗ ಯಾವುದರಲ್ಲಿ ಹೆಚ್ಚಿದೆ ಎಂದು ಕೇಳುತ್ತಿದ್ದರು. 4 ವರ್ಷದ ಮಗು ಸಾಮಾನ್ಯವಾಗಿ ಎತ್ತರದ ಲೋಟವನ್ನೇ ತೋರಿಸುತ್ತದೆ. ಸುಮಾರು 7 ವರ್ಷದ ಹೊತ್ತಿಗೆ ನೀರು ಅಷ್ಟೇ ಇದೆ ಎಂಬುದು ಮಕ್ಕಳಿಗೆ ಅರ್ಥವಾಗತೊಡಗುತ್ತದೆ. ಮಣ್ಣಿನ ಉಂಡೆಯನ್ನು ಚಪ್ಪಟೆ ಮಾಡಿ ತೋರಿಸಿದರೂ ಅದೇ ಕಥೆ. ಪಿಯಾಜೆಯವರ ಮೂವರು ಮಕ್ಕಳಲ್ಲಿ ಮೊದಲ ಇಬ್ಬರು ಹೆಣ್ಣುಮಕ್ಕಳು, ಒಬ್ಬಳು 1925ರಲ್ಲಿ, ಇನ್ನೊಬ್ಬಳು 1927ರಲ್ಲಿ ಹುಟ್ಟಿದವರು. ಆ ಮನೆಯಲ್ಲಿಯೂ ಲೋಟದ ಜಗಳ ನಡೆದಿರಲಿಕ್ಕಿಲ್ಲ ಎಂದು ನಾನಂತೂ ನಂಬುವುದಿಲ್ಲ. ನಿಮ್ಮ ಇಬ್ಬರು ಮಕ್ಕಳು ಸರಿಯಾಗಿ ಈ ಗಡಿಯ ಆಚೆಗೊಬ್ಬಳು, ಈಚೆಗೊಬ್ಬಳು ನಿಂತಿದ್ದಾರೆ. ನೀವು ಅಳತೆ ಮಾಡಿ ಕೊಟ್ಟ ಪಾಲು ಹಿರಿಯವಳ ಕಣ್ಣಿಗೆ ಸಮ, ಕಿರಿಯವಳ ಕಣ್ಣಿಗೆ ಮೋಸ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಪಾಲನ್ನು ಒಂದೇ ಆಕಾರದ ಪಾತ್ರೆಗಳಲ್ಲಿ ಕೊಟ್ಟರೆ ಅರ್ಧ ಜಗಳ ಅಲ್ಲಿಗೇ ನಿಲ್ಲುತ್ತದೆ. ಒಬ್ಬಳು ಭಾಗ ಮಾಡಿ ಇನ್ನೊಬ್ಬಳು ಮೊದಲು ಆರಿಸಿಕೊಳ್ಳುವ ಹಳೆಯ ಉಪಾಯವನ್ನು ಮಾತ್ರ ಇನ್ನೆರಡು ವರ್ಷ ಬದಿಗಿಡಿ. ನನ್ನ ಹಿರಿಯವಳು ಆ ಗುಟ್ಟನ್ನು ಬೇಗನೆ ಕಂಡುಕೊಂಡು, ಕಡಿಮೆ ಇದ್ದದ್ದನ್ನು ಸಪೂರ ಲೋಟಕ್ಕೆ ಸುರಿದು ತಂಗಿಯ ಮುಂದೆ ಬಹಳ ವಿನಯದಿಂದ ಇಡುತ್ತಿದ್ದಳು.

ಆದರೆ ನಿಮ್ಮ ನಿಜವಾದ ಪ್ರಶ್ನೆ ಪಾಲಿನದಲ್ಲ. ನಿಮ್ಮ ಬರಹದಲ್ಲಿ ನನಗೆ ಕಂಡದ್ದು ಇದು: ಕೊಡುವಾಗ ಇಬ್ಬರೂ ಸಮ, ಕೆಲಸ ಹೇಳುವಾಗ ಮಾತ್ರ ಒಬ್ಬಳು ದೊಡ್ಡವಳು. ದೊಡ್ಡವಳೆಂಬ ಹುದ್ದೆಗೆ ದುಡಿಮೆ ಇದೆ, ಸಂಬಳವಿಲ್ಲ. ಭಾರ ಇಳಿಸುವುದು ಕಷ್ಟವಾದರೆ ಮೊದಲು ಸಂಬಳವನ್ನಾದರೂ ಕೊಡಿ. ನಾನು ಮಾಡಿದ್ದು ಇಷ್ಟೇ: ಹಿರಿಯವಳ ಮಲಗುವ ಸಮಯವನ್ನು ತಂಗಿಯದಕ್ಕಿಂತ 20 ನಿಮಿಷ ಮುಂದೆ ಹಾಕಿದೆ. ಇದರಿಂದ ಅವಳ ನಿದ್ರೆಗೆ ಕೊರತೆಯಾಗುವುದಿಲ್ಲ. ಅಮೆರಿಕದ ನಿದ್ರಾ ವೈದ್ಯಕೀಯ ಅಕಾಡೆಮಿ 2016ರಲ್ಲಿ ನೀಡಿದ ಸಲಹೆಯ ಪ್ರಕಾರ, 3ರಿಂದ 5 ವರ್ಷದ ಮಕ್ಕಳಿಗೆ ಹಗಲಿನ ನಿದ್ರೆಯೂ ಸೇರಿ ದಿನಕ್ಕೆ 10ರಿಂದ 13 ಗಂಟೆ, 6ರಿಂದ 12 ವರ್ಷದವರಿಗೆ 9ರಿಂದ 12 ಗಂಟೆ ನಿದ್ರೆ ಬೇಕು. ಇಬ್ಬರನ್ನೂ ಒಂದೇ ಗಳಿಗೆಯಲ್ಲಿ ದೀಪ ಆರಿಸಿ ಮಲಗಿಸುವುದೇ ಒಂದು ರೀತಿಯಲ್ಲಿ ಹಿರಿಯವಳಿಗೆ ಮಾಡುವ ಅನ್ಯಾಯ. ಆ 20 ನಿಮಿಷದಲ್ಲಿ ಏನು ಮಾಡಬೇಕೆಂಬುದನ್ನು ಅವಳೇ ನಿರ್ಧರಿಸಲಿ, ನೀವು ಪಕ್ಕದಲ್ಲಿ ಇರಿ ಸಾಕು. ಚಿಕ್ಕವಳು ಮೊದಲ ನಾಲ್ಕು ದಿನ ಮನೆ ಎತ್ತಿಹೋಗುವಂತೆ ಅಳುತ್ತಾಳೆ, ಅದಕ್ಕೆ ಸಿದ್ಧರಾಗಿರಿ.

ಉತ್ತರ 2: ಮಕ್ಕಳ ವಿಭಾಗದ ದಾದಿ

"ಎಷ್ಟು ಇಳಿಸಬೇಕು" ಎಂದು ಕೇಳಿದ್ದೀರಿ. ಕೆಲವು ವಿಷಯಗಳಲ್ಲಿ ಅದಕ್ಕೆ ಖಚಿತವಾದ ಉತ್ತರವಿದೆ.

ಬಚ್ಚಲಿನಲ್ಲಿರುವ ತಂಗಿಯನ್ನು ನೋಡಿಕೊಳ್ಳಲು 7 ವರ್ಷದ ಮಗುವನ್ನು ಕಳುಹಿಸಬೇಡಿ. ಮಗು ನೀರಿಗೆ ಮುಗ್ಗರಿಸಿದರೆ ಕೂಗಿಕೊಳ್ಳುತ್ತದೆ, ಕೈಕಾಲು ಬಡಿಯುತ್ತದೆ, ನಮಗೆ ಕೇಳಿಸುತ್ತದೆ ಎಂದು ನಾವು ಭಾವಿಸುತ್ತೇವೆ. ಹಾಗೇನೂ ಆಗಬೇಕೆಂದಿಲ್ಲ, ಮುಳುಗುವುದು ಹೆಚ್ಚಿನ ಸಲ ಸದ್ದಿಲ್ಲದೆ ನಡೆಯುತ್ತದೆ, ಕೆಲವೇ ನಿಮಿಷಗಳಲ್ಲಿ ಮುಗಿದುಹೋಗುತ್ತದೆ ಮತ್ತು ಅದಕ್ಕೆ ಕೆಲವು ಅಂಗುಲ ನೀರು ಸಾಕು. ತುಂಬಿದ ಬಕೆಟ್ಟೂ ಅಪಾಯವೇ. ಸ್ನಾನದ ವೇಳೆ ಚಿಕ್ಕ ಮಗುವಿನಿಂದ ಕೈಯಳತೆಯ ದೂರದಲ್ಲಿ ಇರಬೇಕಾದದ್ದು ವಯಸ್ಕರು. ರಸ್ತೆಯೂ ಹಾಗೆಯೇ. ಬರುತ್ತಿರುವ ವಾಹನದ ವೇಗ ಮತ್ತು ದೂರವನ್ನು ಅಂದಾಜಿಸುವ ಶಕ್ತಿ ಸುಮಾರು 10 ವರ್ಷದವರೆಗೂ ಪಕ್ವವಾಗಿರುವುದಿಲ್ಲವಾದ್ದರಿಂದ, "ತಂಗಿಯ ಕೈ ಹಿಡಿದುಕೊಂಡು ದಾಟು" ಎಂದರೆ ಇಬ್ಬರನ್ನೂ ಅಪಾಯಕ್ಕೆ ಒಡ್ಡಿದಂತೆ. ಇದನ್ನು ಹಿರಿಯ ಮಗುವಿನ ದೃಷ್ಟಿಯಿಂದಲೂ ನೋಡಿ. ಏನಾದರೂ ಅನಾಹುತವಾದರೆ, ತಾನು ನೋಡಿಕೊಳ್ಳಬೇಕಿತ್ತು ಎಂಬ ಮಾತನ್ನು ಆ ಮಗು ಜೀವನಪೂರ್ತಿ ಹೊರುತ್ತದೆ.

ಶೌಚದ ನಂತರ ಶುಚಿ ಮಾಡಿಕೊಳ್ಳುವುದನ್ನು ಚಿಕ್ಕವಳಿಗೆ ನೀವೇ ಕಲಿಸಿ, ಮುಂದಿನಿಂದ ಹಿಂದಕ್ಕೆ ಒರೆಸಬೇಕೆಂಬುದನ್ನು ಮೊದಲ ದಿನದಿಂದಲೇ ರೂಢಿಸಿ. ಹೆಣ್ಣುಮಕ್ಕಳ ಮೂತ್ರನಾಳ ಗಿಡ್ಡದಾದ್ದರಿಂದ ರೋಗಾಣುಗಳು ಮೂತ್ರಕೋಶವನ್ನು ಸುಲಭವಾಗಿ ತಲುಪುತ್ತವೆ, ಅವಸರದಲ್ಲಿ ಅಕ್ಕ ಹೇಗೆ ಒರೆಸಿದಳೋ ಯಾರೂ ನೋಡಿರುವುದಿಲ್ಲ. ಕೂಗು ಕೇಳಿದಾಗ ಜಡೆಯನ್ನು ಬಿಟ್ಟು ನೀವೇ ಎದ್ದುಹೋಗಿ. ಜಡೆ ಕಾಯುತ್ತದೆ.

ಉತ್ತರ 3: ತಂಗಿಯಾಗಿ ಬೆಳೆದವಳು

ಎಲ್ಲರೂ ಅಕ್ಕನ ಪರವಾಗಿ ಮಾತನಾಡುತ್ತಿರುವುದರಿಂದ ತಂಗಿಯ ಕಡೆಯ ಒಂದು ಮಾತು. ನನ್ನ ಅಕ್ಕ ನನಗಿಂತ ನಾಲ್ಕು ವರ್ಷ ದೊಡ್ಡವಳು. ನನ್ನ ಗುಂಡಿಯನ್ನು ಅವಳೇ ಹಾಕುತ್ತಿದ್ದಳು, ಚೀಲವನ್ನು ಅವಳೇ ಜೋಡಿಸುತ್ತಿದ್ದಳು, ಯಾರಾದರೂ ನನ್ನನ್ನು ಪ್ರಶ್ನೆ ಕೇಳಿದರೆ ಉತ್ತರವನ್ನೂ ಅವಳೇ ಕೊಡುತ್ತಿದ್ದಳು. 9 ವರ್ಷವಾದರೂ ನನಗೆ ಶೂ ಲೇಸು ಕಟ್ಟಲು ಬರುತ್ತಿರಲಿಲ್ಲ. ಶಾಲೆಯ ಮೈದಾನದಲ್ಲಿ ಲೇಸು ಬಿಚ್ಚಿಹೋದರೆ ಅದನ್ನು ಶೂವಿನೊಳಗೆ ತುರುಕಿಕೊಂಡು ಕುಂಟುತ್ತ, ಅಕ್ಕನ ತರಗತಿಯ ಬಾಗಿಲಲ್ಲಿ ನಿಂತು ಗಂಟೆ ಹೊಡೆಯುವುದನ್ನು ಕಾಯುತ್ತಿದ್ದೆ. ನಿಮ್ಮ ಚಿಕ್ಕವಳಿಗೆ 4 ವರ್ಷ. ಬಟ್ಟೆಯನ್ನು ಸರಿಯಾದ ಕ್ರಮದಲ್ಲಿ ಹಾಸಿಟ್ಟರೆ ತಾನೇ ತೊಟ್ಟುಕೊಳ್ಳುತ್ತಾಳೆ, ದೊಡ್ಡ ಗುಂಡಿಗಳನ್ನು ಹಾಕಿಕೊಳ್ಳುತ್ತಾಳೆ, ಚಪ್ಪಲಿಯನ್ನು ಮೊದಮೊದಲು ಅದಲುಬದಲು ಮೆಟ್ಟಿಕೊಳ್ಳುತ್ತಾಳೆ. ಹತ್ತು ನಿಮಿಷ ಹೆಚ್ಚು ಬೇಕಾದೀತು. ಆ ಹತ್ತು ನಿಮಿಷವನ್ನು ಅಕ್ಕನಿಂದ ಕಿತ್ತುಕೊಳ್ಳುವ ಬದಲು ಬೆಳಗಿನ ನಿದ್ರೆಯಿಂದ ತೆಗೆದುಕೊಳ್ಳಿ.

ಉತ್ತರ 4: ಮೂವರು ಮಕ್ಕಳ ತಾಯಿ

ಇಲ್ಲಿಯವರೆಗಿನ ಉತ್ತರಗಳನ್ನು ಗೌರವದಿಂದಲೇ ಓದಿದ್ದೇನೆ. ಆದರೆ "ಜಡೆ ಕಾಯುತ್ತದೆ" ಎಂದು ಬರೆಯುವುದು ಸುಲಭ. ಶಾಲೆಯ ವಾಹನ ಕಾಯುವುದಿಲ್ಲ. ಮೂವರು ಹೆಣ್ಣುಮಕ್ಕಳನ್ನು ಒಬ್ಬಳೇ ಸಾಕುತ್ತಿರುವ ನನಗೆ ಇರುವುದು ಎರಡೇ ಕೈ. ನೀರು ಮತ್ತು ರಸ್ತೆಯ ವಿಷಯದಲ್ಲಿ ದಾದಿಯವರ ಮಾತನ್ನು ಪೂರ್ತಿಯಾಗಿ ಒಪ್ಪುತ್ತೇನೆ, ಅಲ್ಲಿ ಚೌಕಾಸಿಯಿಲ್ಲ. ಉಳಿದ ವಿಷಯಗಳಲ್ಲಿ ಹಿರಿಯ ಮಗಳ ಸಹಾಯ ಪಡೆಯುವುದೇ ತಪ್ಪೆಂಬ ಧ್ವನಿ ನನಗೆ ಹಿಡಿಸಲಿಲ್ಲ. ನನ್ನ ಹಿರಿಯವಳು ನನ್ನ ಜೊತೆ ನಿಂತು ಮನೆ ನಡೆಸಿದ್ದಾಳೆ ಮತ್ತು ಅದರ ಬಗ್ಗೆ ಅವಳಿಗೆ ಹೆಮ್ಮೆಯಿದೆ.

ತಪ್ಪಿರುವುದು ಸಹಾಯದಲ್ಲಲ್ಲ, "ನೀನು ದೊಡ್ಡವಳಲ್ಲವೇ" ಎಂಬ ಮಾತಿನಲ್ಲಿ. ಆ ಮಾತು ಸಹಾಯ ಕೇಳುವುದಿಲ್ಲ. ಸಾಲ ವಸೂಲಿಗೆ ಬಂದು ನಿಲ್ಲುತ್ತದೆ. ಮೊದಲೇ ಹುಟ್ಟಿದ್ದಕ್ಕಾಗಿ ಮಗು ಇದನ್ನು ತೀರಿಸಬೇಕು ಎಂಬಂತೆ, ಇಲ್ಲ ಎನ್ನಲು ದಾರಿಯನ್ನೇ ಬಿಡದಂತೆ ಅದು ಕೂರುತ್ತದೆ. ನಾನು ಒಂದು ದಿನ ಆ ಮಾತನ್ನು ಬಿಟ್ಟು, "ನನ್ನ ಕೈ ಬಿಡುವಿಲ್ಲ, ತಂಗಿಯ ಚೀಲದಲ್ಲಿ ಪುಸ್ತಕ ಇಡುತ್ತೀಯಾ?" ಎಂದು ಕೇಳತೊಡಗಿದೆ. ಅವಳು ಒಮ್ಮೊಮ್ಮೆ "ಈಗ ಆಗುವುದಿಲ್ಲ" ಎನ್ನುತ್ತಿದ್ದಳು. ಅದನ್ನು ಒಪ್ಪಿಕೊಳ್ಳುವುದು ಬಹಳ ಕಷ್ಟವಾಯಿತು, ಸುಳ್ಳು ಹೇಳುವುದಿಲ್ಲ. ಎರಡು ವಾರ ಅವಳ ನಿರಾಕರಣೆಗಳು ಹೆಚ್ಚಿದವು, ಆಮೇಲೆ ಕಡಿಮೆಯಾದವು. ವಾರಕ್ಕೊಂದು ದಿನ ಅವಳಿಗೆ ಪೂರ್ತಿ ರಜೆ; ಆ ದಿನ ತಂಗಿಯರು ಏನೇ ಕೇಳಿದರೂ "ಇವತ್ತು ನನಗೆ ರಜೆ" ಎಂದು ಗತ್ತಿನಿಂದ ಹೇಳಿ ಕಾಲು ಚಾಚಿ ಕೂರುತ್ತಾಳೆ.

ಉತ್ತರ 5: ಪ್ರಾಥಮಿಕ ಶಾಲೆಯ ಶಿಕ್ಷಕಿ

ತರಗತಿಯಲ್ಲಿ ಯಾರು ಮನೆಯಲ್ಲಿ ಅಕ್ಕಂದಿರೆಂಬುದನ್ನು ಕೆಲವೇ ದಿನಗಳಲ್ಲಿ ಗುರುತಿಸಿಬಿಡಬಹುದು. ಪಕ್ಕದವಳ ಪೆನ್ಸಿಲ್ ಬಿದ್ದರೆ ತನ್ನ ಲೆಕ್ಕವನ್ನು ಅರ್ಧಕ್ಕೇ ಬಿಟ್ಟು ಎತ್ತಿಕೊಡುವವಳು ಅವಳು. ನಾವು ಶಿಕ್ಷಕರು "ಎಷ್ಟು ಒಳ್ಳೆಯ ಹುಡುಗಿ" ಎಂದು ಮೆಚ್ಚಿಕೊಂಡು ಮುಂದೆ ಹೋಗುತ್ತೇವೆ, ಅರ್ಧಕ್ಕೆ ನಿಂತ ಲೆಕ್ಕ ನಮ್ಮ ಕಣ್ಣಿಗೂ ಬೀಳುವುದಿಲ್ಲ. 2017ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನವನ್ನು ಓದಿದ ಮೇಲೆ ನಾನು ಈ ವಿಷಯದಲ್ಲಿ ಎಚ್ಚರ ವಹಿಸತೊಡಗಿದೆ. "ತುಂಬಾ ತುಂಬಾ ಜಾಣ" ಎನಿಸಿಕೊಂಡ ವ್ಯಕ್ತಿಯ ಕಥೆಯನ್ನು ಹೇಳಿ, ಆ ವ್ಯಕ್ತಿ ಗಂಡೋ ಹೆಣ್ಣೋ ಎಂಬುದನ್ನು ಮಕ್ಕಳೇ ಚಿತ್ರ ನೋಡಿ ಊಹಿಸುವಂತೆ ಅಲ್ಲಿ ಕೇಳಲಾಗಿತ್ತು. 5 ವರ್ಷದ ಹುಡುಗಿಯರು ಹುಡುಗರಷ್ಟೇ ಧೈರ್ಯದಿಂದ ತಮ್ಮವರನ್ನು ಆರಿಸಿಕೊಂಡರೆ, 6 ಮತ್ತು 7 ವರ್ಷದ ಹುಡುಗಿಯರಲ್ಲಿ ಆ ಆಯ್ಕೆ ಕಡಿಮೆಯಾಗಿತ್ತು. ನಿಮ್ಮ ಹಿರಿಯವಳು ಇದೇ ವಯಸ್ಸಿನಲ್ಲಿದ್ದಾಳೆ. ಇದಕ್ಕೆ ಅಕ್ಕನ ಕೆಲಸವೇ ಕಾರಣವೆಂದು ಅಧ್ಯಯನ ಹೇಳುವುದಿಲ್ಲ, ನಾನೂ ಹೇಳುತ್ತಿಲ್ಲ. ಆದರೆ ಈ ವಯಸ್ಸಿನಲ್ಲಿ ಅವಳಿಗೆ ಸಿಗುವ ಮೆಚ್ಚುಗೆಯೆಲ್ಲ ತಂಗಿಯನ್ನು ನೋಡಿಕೊಂಡದ್ದಕ್ಕೇ ಆದರೆ, ಅವಳು ಕೇಳಿದ ಪ್ರಶ್ನೆಗೆ ಮೆಚ್ಚುಗೆ ಯಾವಾಗ? "ನನಗೆ 4 ವರ್ಷವಾಗಿದ್ದಾಗ ದೊಡ್ಡವಳು ಯಾರು" ಎಂಬುದು ಎಷ್ಟು ಚುರುಕಾದ ಪ್ರಶ್ನೆ! ಅದನ್ನು ಅವಳಿಗೆ ಹೇಳಿದ್ದೀರಾ?

ಇನ್ನೊಂದು ವಿಷಯ. ರಷ್ಯಾದ ಮನೋವಿಜ್ಞಾನಿ ಲೆವ್ ವಿಗೋಟ್ಸ್ಕಿ 1933ರಲ್ಲಿ ಆಟದ ಬಗ್ಗೆ ಮಾಡಿದ ಉಪನ್ಯಾಸದಲ್ಲಿ, ಜೇಮ್ಸ್ ಸಲಿ ಎಂಬ ಹಿಂದಿನ ವಿದ್ವಾಂಸರು ದಾಖಲಿಸಿದ್ದ ಒಂದು ಪ್ರಸಂಗವನ್ನು ನೆನೆಯುತ್ತಾರೆ. 5 ಮತ್ತು 7 ವರ್ಷದ ಇಬ್ಬರು ಸೋದರಿಯರು ಒಂದು ದಿನ "ಬಾ, ಅಕ್ಕತಂಗಿ ಆಟ ಆಡೋಣ" ಎಂದುಕೊಂಡು ಆಡಿದರಂತೆ. ನಿಜವಾದ ಅಕ್ಕತಂಗಿಯರಿಗೆ ಆ ಆಟವೇಕೆ ಎಂದು ನಮಗೆ ನಗು ಬರಬಹುದು. ನಿಜ ಜೀವನದಲ್ಲಿ ಗಮನಕ್ಕೇ ಬಾರದೆ ಹೋಗುವುದು ಆಟದಲ್ಲಿ ನಿಯಮವಾಗುತ್ತದೆ, ಅಕ್ಕ ಹೇಗಿರಬೇಕು, ತಂಗಿ ಹೇಗಿರಬೇಕು ಎಂದು ಮಕ್ಕಳು ಆಗ ಯೋಚಿಸುತ್ತಾರೆ ಎಂಬುದು ವಿಗೋಟ್ಸ್ಕಿಯವರ ವಿವರಣೆ. ನೀವೂ ಈ ಆಟವನ್ನು ಆಡಿಸಿ ನೋಡಿ, ಪಾತ್ರಗಳನ್ನು ಅದಲುಬದಲು ಮಾಡಿ. ಹತ್ತು ನಿಮಿಷ ಚಿಕ್ಕವಳು ಅಕ್ಕನಾಗಲಿ. ನೀವು ಮಾತ್ರ ನಡುವೆ ಬಾಯಿ ಹಾಕಬೇಡಿ.

ಪ್ರಶ್ನೆ ಕೇಳಿದವರ ಮರುಮಾತು: ಹದಿನೈದು ದಿನಗಳ ನಂತರ

ಎಲ್ಲರಿಗೂ ಕೃತಜ್ಞತೆಗಳು. ದಾದಿಯವರ ಉತ್ತರ ಓದಿದ ದಿನವೇ ಬಚ್ಚಲಿನ ಬಕೆಟ್ಟನ್ನು ಬರಿದುಮಾಡಿ ಕವುಚಿಟ್ಟೆ. ತಂಗಿಯನ್ನು ನೋಡಿಕೊಳ್ಳಲು ಹಿರಿಯವಳನ್ನು ಬಚ್ಚಲಿಗೆ ಮತ್ತೆ ಕಳುಹಿಸಿಲ್ಲ. ಬೆಳಗ್ಗೆ ಹದಿನೈದು ನಿಮಿಷ ಮುಂಚೆ ಎದ್ದು ಚಿಕ್ಕವಳ ಬಟ್ಟೆಗಳನ್ನು ನೆಲದ ಮೇಲೆ ಸಾಲಾಗಿ ಹಾಸಿಡುತ್ತೇನೆ. ಚಪ್ಪಲಿ ಇನ್ನೂ ಅದಲುಬದಲಾಗಿಯೇ ಇದೆ. "ನೀನು ದೊಡ್ಡವಳು" ಎಂಬ ಮಾತು ಪೂರ್ತಿ ಹೋಗಿಲ್ಲ, ನಿನ್ನೆ ಮೂರು ಸಲ ನುಸುಳಿತು. ಮೂರನೆಯ ಸಲ ಹಿರಿಯವಳೇ ಬೆರಳೆತ್ತಿ ಎಣಿಸಿದಳು.

ಅಕ್ಕತಂಗಿ ಆಟವನ್ನು ಮೊನ್ನೆ ಸಂಜೆ ಆಡಿದರು. ಚಿಕ್ಕವಳು ಅಕ್ಕನಾದ ಕೂಡಲೇ ಬಾಚಣಿಗೆ ಹಿಡಿದು ಹಿರಿಯವಳನ್ನು ಕುಳ್ಳಿರಿಸಿದಳು. ನಾನು ಮಾಡುವಂತೆಯೇ, ನೋಯದಿರಲೆಂದು ಬುಡದ ಹತ್ತಿರ ಕೂದಲನ್ನು ಮುಷ್ಟಿಯಲ್ಲಿ ಹಿಡಿದುಕೊಂಡು, ತುದಿಯಿಂದ ಸಿಕ್ಕು ಬಿಡಿಸುತ್ತ ಮೇಲಕ್ಕೆ ಬಂದಳು. ಬಾಚಣಿಗೆ ಎಲ್ಲಿಯೋ ಸಿಕ್ಕಿಕೊಂಡು ಹಿರಿಯವಳು "ಆ" ಎಂದಾಗ, "ಅಳಬೇಕೆಂದರೆ ಅಳು, ನೀನು ಚಿಕ್ಕವಳು" ಎಂದಳು. ಹಿರಿಯವಳು ಸುಳ್ಳುಸುಳ್ಳಾಗಿ ಅತ್ತಳು. ಬಹಳ ಹೊತ್ತು, ಬಹಳ ಸಂತೋಷದಿಂದ ಅತ್ತಳು. ನಾನು ಬಾಯಿ ಹಾಕಲಿಲ್ಲ.

20 ನಿಮಿಷದ ಸಂಬಳವೂ ಜಾರಿಗೆ ಬಂದಿದೆ. ಚಿಕ್ಕವಳ ಅಳು ನಾಲ್ಕು ದಿನದ ಬದಲು ಆರು ದಿನ ನಡೆಯಿತು. ಹಿರಿಯವಳು ಮೊದಲ ಕೆಲವು ರಾತ್ರಿ ಚಿತ್ರ ಬರೆದಳು, ಒಂದು ರಾತ್ರಿ ನನ್ನ ಬಳಿ ಕುಳಿತು ತಾನು ಹುಟ್ಟಿದ ದಿನದ ಕಥೆಯನ್ನು ಎರಡು ಸಲ ಹೇಳಿಸಿಕೊಂಡಳು. ನಿನ್ನೆ ರಾತ್ರಿ ಮಾತ್ರ ತುಂಬಾ ದಣಿದಿದ್ದಳು. ನನ್ನ ತೊಡೆಯ ಮೇಲೆ ತಲೆಯಿಟ್ಟವಳು 8 ನಿಮಿಷದಲ್ಲಿ ನಿದ್ರೆ ಹೋದಳು. ಇಂದು ಬೆಳಿಗ್ಗೆ ಜಡೆ ಹೆಣೆಸಿಕೊಳ್ಳುವಾಗ, ನಿನ್ನೆಯ 12 ನಿಮಿಷ ತನಗೆ ಬಾಕಿ ಬರಬೇಕಿದೆ, ಅದನ್ನು ಇವತ್ತಿನ ಲೆಕ್ಕಕ್ಕೆ ಸೇರಿಸಿ 32 ಮಾಡಬೇಕು ಎಂದು ತಿಳಿಸಿದ್ದಾಳೆ. ಬೆಳೆದ ಹೆಣ್ಣುಮಕ್ಕಳ ತಾಯಿಯವರೇ, ನಿಮ್ಮ ಮನೆಯಲ್ಲಿ ಹಳೆಯ ಬಾಕಿಯನ್ನು ಮುಂದಿನ ದಿನಕ್ಕೆ ಒಯ್ಯಲು ಬಿಡುತ್ತಿದ್ದಿರಾ?